ಮೌನವನ್ನೂ ಆಲಿಸಿರಿ

ಅಲ್ಲಾಹನ ಸುಂದರ ನಾಮಗಳಲ್ಲಿ 'ಅಸ್ಸಮೀಅ್' ಎಂಬುದೂ ಒಂದು. ಎಲ್ಲವನ್ನೂ ಆಲಿಸುವವನು ಎಂದು ಅದರ ಅರ್ಥ. ಮನುಷ್ಯನಿಗೆ ದೊರೆತ ಅನುಗ್ರಹಗಳನ್ನು ನೆನಪಿಸುವಾಗ ಪವಿತ್ರ ಕುರ್‌ಆನ್ ಹಲವು ಕಡೆ ಕಿವಿಯನ್ನು ಮೊದಲು ಹೇಳುತ್ತದೆ, ಕಣ್ಣನ್ನು ಆಮೇಲೆ, ಹೃದಯವನ್ನು ಅದರ ನಂತರ. ಈ ಮೂರರ ಬಗ್ಗೆಯೂ ನಾಳೆ ವಿಚಾರಣೆ ಇದೆಯೆಂದು ಸೂರಃ ಬನೀ ಇಸ್ರಾಈಲ್‌ನಲ್ಲಿ ಎಚ್ಚರಿಸಲಾಗಿದೆ. ಕೇಳಬಾರದ್ದನ್ನು ಕೇಳಿದ್ದಕ್ಕೆ ಉತ್ತರ ಕೊಡಬೇಕೆಂದು ನಮಗೆಲ್ಲ ಗೊತ್ತು. ಕೇಳಬೇಕಾದ್ದನ್ನು ಕೇಳದೆ ಹೋದದ್ದಕ್ಕೂ ಉತ್ತರ ಕೊಡಬೇಕಲ್ಲವೇ?

ಹ. ಖೌಲಾ(ರ) ಎಂಬ ಮಹಿಳೆಯ ಪ್ರಸಂಗವನ್ನು ನೀವು ಕೇಳಿರಬಹುದು. ಗಂಡ ಸಿಟ್ಟಿನಲ್ಲಿ ಆಕೆಯನ್ನು ತಾಯಿಗೆ ಸಮಾನಳೆಂದು ಹೇಳಿ ದೂರ ಮಾಡಿದರು. ಅಜ್ಞಾನ ಕಾಲದ ಆ ಪದ್ಧತಿಯಿಂದ ಹೆಣ್ಣು ಅತ್ತ ಹೆಂಡತಿಯೂ ಅಲ್ಲ, ಇತ್ತ ಬಿಡುಗಡೆಯೂ ಇಲ್ಲ ಎಂಬಂತಾಗುತ್ತಿದ್ದಳು. ಆಕೆ ಪ್ರವಾದಿ(ಸ)ರ ಬಳಿ ಬಂದು ದುಃಖ ತೋಡಿಕೊಂಡರು, ವಾದಿಸಿದರು. ಅದೇ ಮನೆಯಲ್ಲಿದ್ದ ಹ. ಆಯಿಶಾ(ರ)ರಿಗೆ ಆ ಮಾತು ಪೂರ್ತಿ ಕೇಳಿಸಲಿಲ್ಲ. ಅಲ್ಲಾಹನು ಆಲಿಸಿದನು. ಐವತ್ತೆಂಟನೆಯ ಸೂರಃ ಅಲ್ ಮುಜಾದಲಃ ಆ ದೂರಿನಿಂದಲೇ ಆರಂಭವಾಗುತ್ತದೆ. ಪಕ್ಕದಲ್ಲಿದ್ದವರ ಕಿವಿಗೂ ಬೀಳದ ಒಬ್ಬ ಹೆಣ್ಣಿನ ಪಿಸುಮಾತಿಗೆ ಅಲ್ಲಾಹನು ಎಷ್ಟು ಬೆಲೆ ಕೊಟ್ಟನೆಂಬುದನ್ನು ಯೋಚಿಸಿರಿ.

ಇಂಪಾದುದನ್ನು ಕೇಳಲು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹ. ಅಬೂ ಮೂಸಾ ಅಲ್ ಅಶ್‌ಅರೀ(ರ)ರ ಕುರ್‌ಆನ್ ಪಾರಾಯಣವನ್ನು ಮೆಚ್ಚಿ ಪ್ರವಾದಿ(ಸ)ರು ಅದನ್ನು ದಾವೂದ್(ಅ)ರ ಮನೆತನದ ಮಧುರ ನಾದಕ್ಕೆ ಹೋಲಿಸಿದರು. ತಮ್ಮ ಮೇಲೆಯೇ ಅವತೀರ್ಣವಾದ ಕುರ್‌ಆನನ್ನು ಹ. ಇಬ್ನು ಮಸ್‌ಊದ್(ರ)ರ ಬಾಯಿಂದ ಓದಿಸಿ ಕೇಳಿ ಕಣ್ಣೀರು ಸುರಿಸಿದರು. ನಮ್ಮ ಹನೂರು ಸೀಮೆಯಲ್ಲಿ ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರನ್ನು ನೋಡಿರಿ. ಪುಸ್ತಕವಿಲ್ಲದೆ, ಹಿರಿಯರ ಬಾಯಿಂದ ಕೇಳಿ ಕೇಳಿಯೇ ಅಷ್ಟು ದೊಡ್ಡ ಕಥೆಯನ್ನು ಉಳಿಸಿಕೊಂಡು ಬಂದವರು ಅವರು. ಅವರ ಜನ ಇರುಳೆಲ್ಲ ಕುಳಿತು ಕೇಳುತ್ತಾರೆ. ನಾವು ಕವ್ವಾಲಿಗೂ ನಅ್‌ತಿಗೂ ಹಾಗೆಯೇ ಕೂರುತ್ತೇವೆ. ಆದರೆ ಇಂಪಾಗಿಲ್ಲದ ಮಾತನ್ನು, ಮಾತೇ ಆಗದ ಮೌನವನ್ನು ಕೇಳುವ ತಾಳ್ಮೆ ನಮಗಿದೆಯೇ?

ಬಂಡಳ್ಳಿಯ ಓದುಗರಿಗೆ ಇದನ್ನು ರೇಷ್ಮೆಯ ಮಾತಿನಲ್ಲಿ ಹೇಳಬಹುದು. 1956ರವರೆಗೆ ಹಳೆಯ ಕೊಳ್ಳೇಗಾಲ ತಾಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಗಲೂ ಈ ಸೀಮೆಯ ಹೆಸರು ರೇಷ್ಮೆಯಿಂದಲೇ. ನಾಲ್ಕನೆಯ ಜ್ವರ ಎದ್ದ ಹುಳು ಸೊಪ್ಪು ಮೇಯುವಾಗ ಹುಳುಮನೆಯಲ್ಲಿ ಸೋನೆಮಳೆ ಹಿಡಿದಂತೆ ಸದ್ದು. ಆ ಸದ್ದು ನಿಂತಿತೆಂದರೆ ಸಾಕಿದವರಿಗೆ ನಿದ್ದೆ ಬರುವುದಿಲ್ಲ. ಹುಳು ಜ್ವರಕ್ಕೆ ಕೂತಾಗಲೂ ಮೇಯುವುದಿಲ್ಲ, ತಲೆಯೆತ್ತಿ ಅಲುಗಾಡದೆ ಇರುತ್ತದೆ. ಅದು ಕ್ಷೇಮದ ಮೌನ. ರೋಗ ತಗಲಿದಾಗಲೂ ಮೇಯುವುದಿಲ್ಲ. ಅದು ಅಪಾಯದ ಮೌನ. ಹೊರಗೆ ನಿಂತವರಿಗೆ ಎರಡೂ ಒಂದೇ. ಅದಕ್ಕೇ ಬುದ್ಧಿವಂತ ರೈತ 'ಸದ್ದಿಲ್ಲ, ಎಲ್ಲ ಸರಿಯಾಗಿದೆ' ಎಂದು ಮಲಗುವುದಿಲ್ಲ. ದೀಪ ಹಿಡಿದು ಒಳಗೆ ಹೋಗಿ ತಟ್ಟೆ ತಟ್ಟೆಯನ್ನೂ ನೋಡುತ್ತಾನೆ.

ಹುಳುವಿನ ಮೌನವನ್ನು ಇಷ್ಟು ಎಚ್ಚರದಿಂದ ಕೇಳುವ ನಾವು ಮಗಳ ಮೌನವನ್ನು ಹೇಗೆ ಕೇಳುತ್ತೇವೆ?

ನಿಕಾಹ್‌ನ ದಿನವನ್ನು ನೆನಪಿಸಿಕೊಳ್ಳಿರಿ. ಚಪ್ಪರ ಎದ್ದಿದೆ, ದೇಗಿನಲ್ಲಿ ಬಿರಿಯಾನಿ ಬೇಯುತ್ತಿದೆ, ವರನ ಕಡೆಯವರು ಬಂದು ಕೂತಿದ್ದಾರೆ. ಆಗ ವಕೀಲರು ಇಬ್ಬರು ಸಾಕ್ಷಿಗಳೊಂದಿಗೆ ಒಳಕೋಣೆಗೆ ಹೋಗುತ್ತಾರೆ. ಹೆಂಗಸರ ಗುಂಪಿನ ನಡುವೆ ಮುಸುಕು ಹಾಕಿ ಕೂತ ಹುಡುಗಿಯನ್ನು 'ಒಪ್ಪಿಗೆಯೇ?' ಎಂದು ಕೇಳುತ್ತಾರೆ. ಆಕೆ ಸುಮ್ಮನಿರುತ್ತಾಳೆ. ಯಾರೋ ಪಕ್ಕದಿಂದ ತಿವಿಯುತ್ತಾರೆ, ತಲೆ ಬಾಗುತ್ತದೆ. 'ಒಪ್ಪಿದಳು' ಎಂದು ಹೊರಗೆ ಸಾರಲಾಗುತ್ತದೆ. ಆ ಹೊತ್ತಿನಲ್ಲಿ ಬೇಡವೆನ್ನುವ ಧೈರ್ಯ ಯಾವ ಹುಡುಗಿಗೆ ಬಂದೀತು? ಬೇಡವೆನ್ನಲು ದಾರಿಯೇ ಇಲ್ಲದ ಕಡೆ ಬೇಕು ಎಂಬುದಕ್ಕೆ ಏನು ಅರ್ಥ ಉಳಿಯಿತು?

ಕನ್ಯೆಯ ಮೌನವೇ ಒಪ್ಪಿಗೆ ಎಂಬ ಹದೀಸ್ ನಮಗೆಲ್ಲ ಬಾಯಿಪಾಠ. ಅದರ ಮೊದಲ ಭಾಗವನ್ನು ಮರೆಯುತ್ತೇವೆ. ಆಕೆಯ ಅನುಮತಿ ಕೇಳದೆ ಮದುವೆ ಮಾಡಬಾರದು ಎಂಬುದೇ ಅಲ್ಲಿನ ಆಜ್ಞೆ. ನಾಚುವ ಹುಡುಗಿ ಬಾಯಿಬಿಟ್ಟು ಹೇಗೆ ಹೇಳಿಯಾಳು ಎಂಬ ಪ್ರಶ್ನೆ ಬಂದಾಗ ಆ ನಾಚಿಕೆಗೆ ಗೌರವವಾಗಿ ಮೌನವೂ ಸಾಕೆಂದು ಪ್ರವಾದಿ(ಸ)ರು ಹೇಳಿದರು. ಇದು ನಾಚಿಕೆಗೆ ತೋರಿದ ಕರುಣೆ. ಭಯವನ್ನು ನಾಚಿಕೆಯೆಂದು ಎಣಿಸಲು ಕೊಟ್ಟ ಪರವಾನಗಿಯಲ್ಲ.

ನಮ್ಮಲ್ಲಿ ಅನೇಕರು ಅನುಸರಿಸುವ ಹನಫೀ ಮದ್‌ಹಬ್‌ನ ವಿದ್ವಾಂಸರು ಇದನ್ನು ಬಿಡಿಸಿ ಬಿಡಿಸಿ ಬರೆದಿದ್ದಾರೆ. ಪ್ರಾಯಕ್ಕೆ ಬಂದ, ಬುದ್ಧಿ ಬಲಿತ ಹೆಣ್ಣನ್ನು ಬಲವಂತವಾಗಿ ಮದುವೆ ಮಾಡಿಕೊಡುವ ಅಧಿಕಾರ ತಂದೆಗೂ ಇಲ್ಲ. ವರನು ಯಾರೆಂದು ಆಕೆಗೆ ತಿಳಿಸಿರಬೇಕು. ಗಟ್ಟಿಯಾಗಿ ಅತ್ತರೆ ಅದು ಒಪ್ಪಿಗೆಯಲ್ಲ, ಗೇಲಿಯ ನಗುವೂ ಒಪ್ಪಿಗೆಯಲ್ಲ. ವಲಿಯೂ ಅಲ್ಲದ, ವಲಿ ಕಳಿಸಿದವನೂ ಅಲ್ಲದ ಪರಕೀಯನು ಕೇಳಿದರೆ ಮೌನ ಸಾಲದು, ಆಕೆ ಬಾಯಿಬಿಟ್ಟು ಹೇಳಬೇಕು. ಅಳುವಿನಲ್ಲಿ ಅಳುವನ್ನೂ ನಗುವಿನಲ್ಲಿ ನಗುವನ್ನೂ ಬೇರೆ ಮಾಡಿ ಆಲಿಸಿದವರು ನಮ್ಮ ಹಿರಿಯರು.

ಇನ್ನು 'ಬೇಡ' ಎಂಬ ಮಾತನ್ನು ಪ್ರವಾದಿ(ಸ)ರು ಹೇಗೆ ಕೇಳಿಸಿಕೊಂಡರು? ಹ. ಖನ್ಸಾ ಬಿಂತ್ ಖಿದಾಮ್(ರ)ರನ್ನು ಅವರ ತಂದೆ ಇಷ್ಟವಿಲ್ಲದ ಕಡೆ ಮರುಮದುವೆ ಮಾಡಿಕೊಟ್ಟಾಗ ಆಕೆ ಬಂದು ದೂರಿದರು. ಆ ನಿಕಾಹ್‌ಅನ್ನು ಪ್ರವಾದಿ(ಸ)ರು ರದ್ದುಪಡಿಸಿದರು. ದಾಸ್ಯದಿಂದ ಬಿಡುಗಡೆಯಾದ ಹ. ಬರೀರಾ(ರ) ತಮ್ಮ ಗಂಡನನ್ನು ಬಿಟ್ಟಾಗ ಆತ ಮದೀನಾದ ಬೀದಿಗಳಲ್ಲಿ ಅಳುತ್ತಾ ಹಿಂದೆ ತಿರುಗಿದರು. ಪ್ರವಾದಿ(ಸ)ರಿಗೆ ಕನಿಕರವಾಗಿ, ಮರಳಿ ಹೋಗಬಾರದೇ ಎಂದರು. ಇದು ಆಜ್ಞೆಯೇ ಎಂದು ಬರೀರಾ ಕೇಳಿದರು. ಅಲ್ಲ, ಶಿಫಾರಸು ಮಾತ್ರ ಎಂಬ ಉತ್ತರ ಬಂತು. ಹಾಗಿದ್ದರೆ ನನಗೆ ಆತ ಬೇಡ ಎಂದರು. ಮಾತು ಅಲ್ಲಿಗೆ ಮುಗಿಯಿತು. ನಿನ್ನೆಯವರೆಗೆ ದಾಸಿಯಾಗಿದ್ದ ಒಬ್ಬ ಹೆಣ್ಣು ಅಲ್ಲಾಹನ ಸಂದೇಶವಾಹಕರ ಶಿಫಾರಸನ್ನೇ ಒಲ್ಲೆನೆಂದರೂ ಅವರು ಮುನಿಯಲಿಲ್ಲ. ನಮ್ಮ ಮನೆಯ ಮಗಳು ದೊಡ್ಡಪ್ಪನ ಶಿಫಾರಸನ್ನು ಒಲ್ಲೆನೆಂದರೆ ಏನಾಗುತ್ತದೆ?

ಆದ್ದರಿಂದ ಪ್ರಿಯ ಸಹೋದರರೇ, ಮಾತು ಕೊಡುವ ಮೊದಲು ಕೇಳಿರಿ. ಹಂದರ ಹಾಕಿದ ಮೇಲಲ್ಲ. ನೆಂಟರ ಮುಂದೆ ಕೇಳಬೇಡಿರಿ. ತಾಯಿಯೋ ಅಕ್ಕನೋ ಆಕೆಯೊಬ್ಬಳನ್ನೇ ಕೂರಿಸಿಕೊಂಡು ಕೇಳಲಿ. ಹುಡುಗನ ಹೆಸರು, ದುಡಿಮೆ, ಗುಣ, ಮನೆ ಎಲ್ಲವನ್ನೂ ತಿಳಿಸಿರಿ. ನೀನು ಬೇಡವೆಂದರೂ ನನ್ನ ಮಗಳೇ ಎಂದು ಮೊದಲೇ ಹೇಳಿರಿ. ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಕೇಳಿರಿ. ಈ ನಡುವೆ ಆಕೆಯ ಊಟ, ನಿದ್ದೆ, ನಗುವನ್ನು ಗಮನಿಸಿರಿ. ಓದಬೇಕೆಂದರೆ ಆ ಮಾತಿಗೂ ಕಿವಿಗೊಡಿರಿ. ಹದಿನೆಂಟು ತುಂಬದ ಹುಡುಗಿಯ ಮದುವೆಯನ್ನು ನಾಡಿನ ಕಾನೂನೂ ಒಪ್ಪುವುದಿಲ್ಲ.

ಪ್ರಿಯ ತಾಯಂದಿರೇ, ಆ ಮುಸುಕಿನೊಳಗೆ ನೀವೂ ಒಂದು ದಿನ ಕೂತಿದ್ದಿರಿ. ಅಲ್ಲಿನ ಮೌನದ ಭಾಷೆ ಮನೆಯಲ್ಲಿ ನಿಮ್ಮಷ್ಟು ಯಾರಿಗೂ ತಿಳಿಯದು. ಮಗಳ ಪರವಾಗಿ ಒಂದು ಮಾತಾಡಬೇಕಾಗಿ ಬಂದರೆ ಹಿಂಜರಿಯಬೇಡಿರಿ.

ನಾವು ಕೇಳಿಸಿಕೊಳ್ಳದಿದ್ದರೆ ಆ ಮೌನ ಎಲ್ಲಿಯೂ ಮುಟ್ಟದೆ ಹೋಗುತ್ತದೆಂದು ಭಾವಿಸಬೇಡಿರಿ. ಖೌಲಾ(ರ)ರ ಪಿಸುಮಾತನ್ನು ಆಲಿಸಿದವನು ಅದನ್ನೂ ಆಲಿಸುತ್ತಿದ್ದಾನೆ. ಅಂದು ನಮ್ಮ ವಿರುದ್ಧ ದೂರು ಸಲ್ಲಿಸುವವರು ನಮ್ಮ ಮಕ್ಕಳೇ ಆಗದಿರಲಿ. ನಮ್ಮ ಕಿವಿಗಳನ್ನೂ ಹೃದಯಗಳನ್ನೂ ಅಲ್ಲಾಹನು ತೆರೆಯಲಿ. ಆಮೀನ್.