ಸೇವೆಮಾಡುವವರ ದಣಿವು

ರೋಗಿಯ ಆರೈಕೆ ಮಾಡುವವರು ದಣಿದು ಬೇಸರಗೊಂಡರೆ ಅದು ಅವಿಶ್ವಾಸದ ಗುರುತೋ? ಈ ಪ್ರಶ್ನೆಯು ಅನೇಕ ಮನೆಗಳಲ್ಲಿ ಬಾಯಿಬಿಡದೆ ಕೇಳಲ್ಪಡುತ್ತದೆ.

ಮೈಸೂರಿನ ರಾಮಕೃಷ್ಣನಗರದಲ್ಲಿ ಒಬ್ಬ ಮಗಳು ಮರೆವಿನ ರೋಗ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಾಳೆಂದು ಭಾವಿಸಿರಿ. ತಾಯಿಯು ಮಗಳ ಹೆಸರನ್ನೇ ಮರೆತಿದ್ದಾಳೆ. ರಾತ್ರಿ ಹತ್ತು ಸಾರಿ ಎದ್ದು, ಎಂದೋ ಬಿಟ್ಟುಬಂದ ಊರಿಗೆ ಹೋಗಬೇಕೆಂದು ಬಾಗಿಲು ತಟ್ಟುತ್ತಾಳೆ. ಒಂದು ರಾತ್ರಿ ಮಗಳು ಗದರಿಸಿದಳು. ಬಳಿಕ ಪ್ರಾರ್ಥನೆಗೆ ಮೊಣಕಾಲೂರಲು ನಾಚಿದಳು.

ಇಂಥವಳು ಎಲೀಯನನ್ನು ಜ್ಞಾಪಿಸಿಕೊಳ್ಳಲಿ. ಆ ಪ್ರವಾದಿಯು ಅಡವಿಯಲ್ಲಿ ಮರಣವನ್ನೇ ಬೇಡಿ ಮಲಗಿದಾಗ ದೇವರು ಅವನನ್ನು ಗದರಿಸಲಿಲ್ಲ. ಮೊದಲು ನಿದ್ರೆಯನ್ನೂ ರೊಟ್ಟಿಯನ್ನೂ ನೀರನ್ನೂ ಕೊಟ್ಟು, ಆಮೇಲೆ ಮಾತಾಡಿದನು. ಕಠಿಣವಾದ ಮಾತಿಗೆ ಕ್ಷಮೆ ಬೇಡಬೇಕು, ಅದು ದೊರೆಯುವದು. ದಣಿವಿಗೆ ಕ್ಷಮೆ ಬೇಡಬೇಕಾಗಿಲ್ಲ, ಯಾಕಂದರೆ ಅದು ಪಾಪವಲ್ಲ.

ವೆಸ್ಲಿಯನ್ ಮಿಷನಿನವರು 1906ರಲ್ಲಿ ಮೈಸೂರಿನಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನರು ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತಾರೆ. ಅಂಥ ಆಸ್ಪತ್ರೆಯಲ್ಲಿ ಒಬ್ಬ ದಾದಿಯು ಮನೆಗೆ ಹೋಗುವಾಗ ಮತ್ತೊಬ್ಬಳು ಬರುತ್ತಾಳೆ. ಹೋದವಳಿಗೆ ಕರುಣೆಯಿಲ್ಲವೆಂದು ಯಾರೂ ಹೇಳುವದಿಲ್ಲ. ಹಾಗಾದರೆ ಮನೆಯಲ್ಲಿ ಒಬ್ಬಳೇ ಹಗಲಿರುಳೂ ಎಚ್ಚರವಾಗಿರಬೇಕೆಂಬ ನಿಯಮವನ್ನು ಯಾರು ಮಾಡಿದರು?

ಮೋಶೆಯ ಕೈಗಳು ಸೋತಾಗ ಬಲವು ಆಕಾಶದಿಂದ ಇಳಿಯಲಿಲ್ಲ. ಆರೋನನೂ ಹೂರನೂ ಎರಡು ಕಡೆ ನಿಂತು ಎತ್ತಿಹಿಡಿದರು. ಅವರ ಕೈಗಳೇ ದೇವರು ಕೊಟ್ಟ ಬಲ. ಆದದರಿಂದ ಸಹಾಯ ಕೇಳುವದೂ ವಿಶ್ವಾಸದ ಕಾರ್ಯವೇ.

ಸಭೆಯವರೇ, ಆ ಮಗಳಿಗಾಗಿ ಪ್ರಾರ್ಥಿಸುವದು ಒಳ್ಳೇದು. ಒಂದು ರಾತ್ರಿ ಆ ತಾಯಿಯ ಬಳಿ ಕೂತು, ಮಗಳನ್ನು ನಿದ್ರೆಮಾಡಗೊಡಿಸಿದರೆ ಆ ಪ್ರಾರ್ಥನೆಯು ಪೂರ್ಣವಾಗುವದು.