ಬಿಟ್ಟ ಜಾಗ

ನನ್ನ ಮನೆಯ ಪ್ಲಾನು ಇನ್ನೂ ಬೀರುವಿನಲ್ಲಿದೆ. ನೀಲಿ ಕಾಗದ ಮಡಿಕೆ ಬಿದ್ದಲ್ಲೆಲ್ಲ ಬಿಳಿಚಿಕೊಂಡು, ಮುಟ್ಟಿದರೆ ಹರಿಯುವ ಹಾಗಾಗಿದೆ. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ಒಂದು ಚೌಕಟ್ಟು. ಅದರೊಳಗೆ ಇನ್ನೊಂದು ಚಿಕ್ಕ ಚೌಕಟ್ಟು. ಒಳಗಿನದು ಮನೆ. ಎರಡು ಗೆರೆಗಳ ನಡುವೆ ಏನೂ ಇಲ್ಲ. ಅದನ್ನು ‘ಸೆಟ್‌ಬ್ಯಾಕ್’ ಎನ್ನುತ್ತಾರೆಂದು ಇಂಜಿನಿಯರು ಹೇಳಿದಾಗ ನನಗೆ ಅರ್ಥವಾಗಲಿಲ್ಲ. “ಬಿಟ್ಟ ಜಾಗ ಸಾರ್, ಗಾಳಿ ಬೆಳಕಿಗೆ” ಎಂದು ಬಿಡಿಸಿ ಹೇಳಿದರು. ಅಷ್ಟು ದುಡ್ಡು ಕೊಟ್ಟು ಪಡೆದ ನೆಲವನ್ನು ಯಾಕೆ ಬಿಡಬೇಕು ಎಂದು ಒಳಗೊಳಗೇ ಕಸಿವಿಸಿಯಾಯಿತು. ಆ ಕಸಿವಿಸಿ ಮುಂದೆ ನನ್ನಿಂದ ಏನು ಮಾಡಿಸಿತು ಎಂಬುದನ್ನು ಹೇಳಿಬಿಡೋಣವೆಂದು ಇದನ್ನು ಬರೆಯುತ್ತಿದ್ದೇನೆ.

ಸೈಟು ಸಿಕ್ಕಿದ್ದು 1988ರಲ್ಲಿ, ಮೂರನೆಯ ಅರ್ಜಿಗೆ. ಬೆಂಗಳೂರಿನಲ್ಲಿ ಗುಮಾಸ್ತನೊಬ್ಬನಿಗೆ ಸೈಟು ಮಂಜೂರಾಗುವುದೆಂದರೆ ಮಗಳಿಗೆ ವರ ಗೊತ್ತಾದಷ್ಟೇ ಸಂಭ್ರಮ. ನನ್ನ ಹೆಸರಿನಲ್ಲಾಗಲಿ, ಹೆಂಡತಿ ಮಕ್ಕಳ ಹೆಸರಿನಲ್ಲಾಗಲಿ ಈ ಊರಿನಲ್ಲಿ ಮನೆಯಿಲ್ಲ, ನಿವೇಶನವಿಲ್ಲ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿದ್ದೆ. ಅದು ನಿಜವೇ ಆಗಿತ್ತು. ಸೈಟು ನೋಡಲು ಹೋದ ದಿನ ಅಲ್ಲಿ ಕಲ್ಲು ನೆಟ್ಟಿದ್ದರು. ಕಲ್ಲಿನ ಪಕ್ಕದಲ್ಲಿ ರಾಗಿಯ ಕೂಳೆ ಇನ್ನೂ ಹಾಗೇ ಇತ್ತು. ಹೊಲ ಬಿಟ್ಟುಕೊಟ್ಟವರು ಪಕ್ಕದ ಹಳ್ಳಿಯವರು. ಆ ಹಳ್ಳಿ ಈಗಲೂ ಬಡಾವಣೆಯ ನಡುವೆ ಇದೆ. ನಮ್ಮ ನೇರ ರಸ್ತೆಗಳು ಅದರ ಹತ್ತಿರ ಬಂದು ಸೊಟ್ಟಗಾಗುತ್ತವೆ. ಅಲ್ಲಿಯವರೊಬ್ಬರು ನಮಗೆ ಹದಿನೈದು ವರ್ಷ ಹಾಲು ಹಾಕಿದರು. ನನ್ನ ಅಡಿಗೆಮನೆ ಇರುವುದು ಅವರ ಹೊಲದಲ್ಲೋ ಅವರ ದಾಯಾದಿಯ ಹೊಲದಲ್ಲೋ ಎಂದು ನಾನು ಒಂದು ದಿನವೂ ಕೇಳಲಿಲ್ಲ.

1991ರಲ್ಲಿ ಸಾಲಸೋಲ ಮಾಡಿ ಮನೆ ಕಟ್ಟಿದೆ. ಆಗ ಪ್ಲಾನಿನಂತೆಯೇ ಕಟ್ಟಿದೆ, ಹೆಚ್ಚು ಕಟ್ಟಲು ದುಡ್ಡಿರಲಿಲ್ಲ. 2009ರಲ್ಲಿ ಮಗನ ಮದುವೆ ಗೊತ್ತಾದಾಗ ಮೇಲೊಂದು ರೂಮು ಬೇಕಾಯಿತು. “ಎಡಗಡೆ ಬಿಟ್ಟ ಮೂರಡೀನೂ ಸೇರಿಸ್ಕೊಂಡ್ರೆ ಮಂಚ, ಬೀರು ಎರಡೂ ಹಿಡೀತವೆ” ಎಂದ ಮೇಸ್ತ್ರಿ. ಸೇರಿಸಿಕೊಂಡೆ. ನಮ್ಮ ರಸ್ತೆಯಲ್ಲಿ ಸೇರಿಸಿಕೊಳ್ಳದವರು ಯಾರೂ ಇರಲಿಲ್ಲ. ಎಡಗಡೆ ಮನೆಯವರ ಅಡಿಗೆಮನೆಯಲ್ಲಿ ಅಂದಿನಿಂದ ಹಗಲು ಹೊತ್ತಿನಲ್ಲೂ ದೀಪ ಉರಿಯುತ್ತದೆ. ಅವರು ತುಟಿಪಿಟಕ್ಕೆನ್ನಲಿಲ್ಲ; ಅವರೂ ತಮ್ಮ ಹಿಂಬದಿಯನ್ನು ಮುಚ್ಚಿದ್ದರು.

ಆ ರೂಮಿಗೆ ಇಟ್ಟಿಗೆ ಹೊತ್ತವರು ಯಾದಗಿರಿ ಕಡೆಯ ಗಂಡ ಹೆಂಡತಿ. ನಮ್ಮ ಬಲಗಡೆಯ ಸೈಟು ಖಾಲಿ. ನನ್ನ ಜೊತೆಯಲ್ಲೇ ಹಂಚಿಕೆಯಾದದ್ದು. ಅದರ ಯಜಮಾನರು ಹೊರದೇಶದಲ್ಲಿದ್ದಾರೆ. ನಮ್ಮ ಗೃಹಪ್ರವೇಶಕ್ಕೆ ಬಂದಾಗ “ನಾವೂ ಬೇಗ ಶುರು ಮಾಡಬೇಕು” ಎಂದಿದ್ದರು. ಆ ಸೈಟಿನ ಮೂಲೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಆ ದಂಪತಿ ನಮ್ಮ ಸಿಮೆಂಟು ಕಾದರು. ಕೆಲಸ ಮುಗಿದ ಮೇಲೂ ಅಲ್ಲೇ ಉಳಿದರು. ಅವನಿಗೆ ಸುತ್ತಮುತ್ತ ಗಾರೆ ಕೆಲಸ, ಅವಳಿಗೆ ನಮ್ಮದೂ ಸೇರಿ ಮೂರು ಮನೆಗಳ ಮುಸುರೆ. ಮಕ್ಕಳಿಬ್ಬರು ಹಳ್ಳಿಯ ಸರ್ಕಾರಿ ಶಾಲೆಗೆ ಹೋಗುತ್ತಿದ್ದರು. ಹೀಗೆ ಏಳು ವರ್ಷ.

2016ರ ಡಿಸೆಂಬರಿನಲ್ಲಿ ಅಕ್ರಮ-ಸಕ್ರಮ ಯೋಜನೆಯನ್ನು ಹೈಕೋರ್ಟು ಎತ್ತಿಹಿಡಿಯಿತು. ವಾಸದ ಕಟ್ಟಡಗಳಲ್ಲಿ ನಿಯಮ ಮೀರಿದ್ದು ಅರ್ಧದೊಳಗಿದ್ದರೆ ದಂಡ ಕಟ್ಟಿ ಸರಿ ಮಾಡಿಕೊಳ್ಳಬಹುದೆಂಬ ಯೋಜನೆ ಅದು. ನಮ್ಮ ರಸ್ತೆಯಲ್ಲಿ ಎಲ್ಲರ ಮುಖವೂ ಅರಳಿತು. ಅದೇ ವಾರ ಬಡಾವಣೆಯ ಹಿರಿಯರು ಒಂದು ಮನವಿ ಪತ್ರ ತಂದರು: ಖಾಲಿ ನಿವೇಶನದಲ್ಲಿ ಅಕ್ರಮವಾಗಿ ವಾಸವಿರುವವರನ್ನು ತೆರವು ಮಾಡಬೇಕು. ಒಂದೇ ಮಾತನ್ನು ಒಂದೇ ವಾರದಲ್ಲಿ ನಾವು ಎರಡು ಅರ್ಥದಲ್ಲಿ ಬಳಸುತ್ತಿದ್ದೆವು. ನಮ್ಮ ಅಕ್ರಮಕ್ಕೆ ಮುಂದೆ ಒಂದು ಸಕ್ರಮವಿತ್ತು. ಶೆಡ್ಡಿನ ಅಕ್ರಮಕ್ಕೆ ಲಾರಿಯೊಂದೇ ಇದ್ದದ್ದು. ಎರಡನ್ನೂ ಕಟ್ಟಿದ ಕೈ ಮಾತ್ರ ಒಂದೇ.

ನಾನು ಸಹಿ ಹಾಕಿದೆ. ಹಾಕದಿದ್ದರೆ ನಾಳೆ ಯಾರಾದರೂ “ನಿಮ್ಮ ಮೇಲಿನ ರೂಮಿಗೆ ಪ್ಲಾನಿದೆಯೇ?” ಎಂದು ಕೇಳಿಯಾರು ಎಂಬ ಭಯ. ಮರುತಿಂಗಳೇ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟು ಅಕ್ರಮ-ಸಕ್ರಮಕ್ಕೆ ತಡೆ ಕೊಟ್ಟಿತು. ನನ್ನ ರೂಮು ಅಕ್ರಮವಾಗಿಯೇ ಉಳಿಯಿತು. ಶೆಡ್ಡು ಉಳಿಯಲಿಲ್ಲ. ಹೊರಡುವ ಬೆಳಿಗ್ಗೆ ಆಕೆ ನಮ್ಮ ಕೊಡಪಾನವನ್ನು ತೊಳೆದು ತಂದಿಟ್ಟು, “ಯಾರ್ ಬರದ್ ಕೊಟ್ಟಾರೋ ಗೊತ್ತಿಲ್ರಿ” ಎಂದಳು. ನಾನು ಪೇಪರು ಓದುತ್ತಿದ್ದೆ. ತಲೆಯೆತ್ತಲಿಲ್ಲ.

ಆ ಮೇಲೆ ಎಷ್ಟೋ ಸಲ ನನ್ನ ಜೊತೆ ನಾನೇ ವಾದ ಮಾಡಿದ್ದೇನೆ. ಶೆಡ್ಡಿನಲ್ಲಿ ಕಕ್ಕಸಿರಲಿಲ್ಲ, ಮೋರಿ ಪಕ್ಕದಲ್ಲೇ ಮಕ್ಕಳು ಮಲಗುತ್ತಿದ್ದವು. ಅದನ್ನು ಯಾರೂ ಮನೆ ಎನ್ನಲಾರರು. ಬೇರೆಯವರ ನೆಲದಲ್ಲಿ ಕೂತದ್ದು ತಪ್ಪೇ. ನಾವಾದರೋ ನಮ್ಮ ಸ್ವಂತ ನೆಲದಲ್ಲಿ ಕಟ್ಟಿಕೊಂಡವರು. ಎಲ್ಲ ಸರಿ. ಆದರೆ ಈ ಕೊನೆಯ ಮಾತು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಎಡಗಡೆಯ ಆ ಮೂರಡಿ ಪತ್ರದಲ್ಲಿ ನನ್ನದು, ನಿಜ. ಅದರ ಮೇಲಿನ ಬೆಳಕು ಯಾರದು? ಅದು ಪಕ್ಕದವರ ಅಡಿಗೆಮನೆಗೆ ಸೇರಬೇಕಾದದ್ದು. ನಾನೂ ಇನ್ನೊಬ್ಬರ ಜಾಗದಲ್ಲೇ ಕೂತಿದ್ದೇನೆ. ಅವರು ಕೂತದ್ದು ಬೇರೆಲ್ಲೂ ಜಾಗವಿಲ್ಲದೆ, ನಾನು ಕೂತದ್ದು ಬೀರು ಹಿಡಿಯಲೆಂದು. ಇನ್ನು ಮನೆ ಕಟ್ಟಿ ವಾಸ ಮಾಡುತ್ತೇನೆಂದು ಸೈಟು ಪಡೆದು ಕಟ್ಟದೆ ಬೆಲೆ ಏರುವುದನ್ನೇ ನೋಡುತ್ತ ಕೂತವರಿದ್ದಾರಲ್ಲ, ಅವರ ಮೇಲೆ ನಾವು ಯಾರೂ ಮನವಿ ಪತ್ರ ಬರೆಯಲಿಲ್ಲ. ನಮ್ಮ ಪೈಕಿ ಅರ್ಧ ಜನ ಊರಾಚೆ ಅಂಥದ್ದೇ ಇನ್ನೊಂದು ಸೈಟು ನೋಡುತ್ತಿದ್ದೆವು.

ಊರೆಂಬುದು ನಾವು ಕಟ್ಟಿದ್ದರಿಂದ ಆಗುತ್ತದೆಂದು ತಿಳಿದಿದ್ದೆ. ಈಗ ಅನ್ನಿಸುತ್ತದೆ, ಅದು ಬಿಟ್ಟದ್ದರಿಂದ ಆಗುತ್ತದೆ. ರಸ್ತೆ, ಪಾರ್ಕು, ಕೆರೆ, ಎರಡು ಮನೆಗಳ ನಡುವಿನ ಮೂರಡಿ, ಎಲ್ಲವೂ ಯಾರೋ ಬಿಟ್ಟ ಜಾಗವೇ. ಹಿಂದಿನವರು ನೀರಿಗೆಂದು ಬಿಟ್ಟ ಧರ್ಮಾಂಬುಧಿ ಕೆರೆಯ ಮೇಲೆ ಇವತ್ತು ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ಹಾಗೆಂದು ಹಿಂದಿನ ಯೋಜನೆಗಳೆಲ್ಲ ಚೊಕ್ಕವಾಗಿದ್ದವು ಎನ್ನಲಾರೆ. 1898ರ ಪ್ಲೇಗಿನ ಆಸುಪಾಸಿನಲ್ಲಿ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಹಿಂದೆ ಕಿರಿದಾದ ಓಣಿಗಳನ್ನು ಬಿಟ್ಟಿದ್ದರು. ಅವು ಮಲ ಹೊರುವವರು ಬಂದು ಹೋಗಲೆಂದು ಬಿಟ್ಟ ಓಣಿಗಳು. ಅವರು ನಡೆಯಲು ಹಿತ್ತಲಲ್ಲಿ ದಾರಿಯಿತ್ತು; ಬಾಳಲು ಆ ಬೀದಿಯಲ್ಲಿ ಮನೆಯಿರಲಿಲ್ಲ. ನಮ್ಮ ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆ ಜಾಗವಿದೆ, ಶಾಲೆಗಿದೆ, ಬ್ಯಾಂಕಿಗಿದೆ. ಈ ಮನೆಗಳನ್ನು ಕಟ್ಟುವವರು, ದಿನಾ ತೊಳೆಯುವವರು ರಾತ್ರಿ ಎಲ್ಲಿ ಮಲಗಬೇಕೆಂಬುದು ಅದರಲ್ಲಿ ಇಲ್ಲ. ಆ ಹಿತ್ತಲ ಓಣಿಯಷ್ಟೂ ಇಲ್ಲ.

2011ರ ಜನಗಣತಿಯವರು ದೇಶದ ನಗರಗಳಲ್ಲಿ ಸುಮಾರು 1 ಕೋಟಿ 10 ಲಕ್ಷ ಮನೆಗಳು ಖಾಲಿ ಬಿದ್ದಿರುವುದನ್ನು ಎಣಿಸಿದರು. ಕೇಂದ್ರ ಸರ್ಕಾರದ ತಜ್ಞರ ತಂಡವೊಂದು 2012ರಲ್ಲಿ ಲೆಕ್ಕ ಹಾಕಿ, ಅದೇ ನಗರಗಳಲ್ಲಿ ಸುಮಾರು 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆ, ಆ ಕೊರತೆಯಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಕಡಿಮೆ ವರಮಾನದವರದು ಎಂದಿತು. ಈ ಎರಡು ಅಂಕಿಗಳನ್ನು ಓದಿದ ದಿನ ನನಗೆ ಮಹಡಿ ಹತ್ತಲು ಮನಸ್ಸಾಗಲಿಲ್ಲ. ಹೇಳದೆ ಬಿಟ್ಟ ಒಂದು ಮಾತಿದೆ. ಮಗ ಸೊಸೆ 2014ರಲ್ಲೇ ಪುಣೆಗೆ ಹೋದರು. ಮನವಿ ಪತ್ರಕ್ಕೆ ನಾನು ಸಹಿ ಹಾಕಿದಾಗ ಆ ರೂಮಿಗೆ ಬೀಗ ಬಿದ್ದು ಎರಡು ವರ್ಷವಾಗಿತ್ತು. ಯಾವ ಮೂರಡಿಗೋಸ್ಕರ ಹೆದರಿ ಸಹಿ ಹಾಕಿದೆನೋ ಅಲ್ಲಿ ಒಂದು ಬೀರು, ಹಳೆಯ ಪೇಪರಿನ ಕಟ್ಟುಗಳು ಇದ್ದವು. ಈಗಲೂ ಇವೆ.

ಬಲಗಡೆಯ ಸೈಟಿನಲ್ಲಿ ಪಾರ್ಥೇನಿಯಂ ಎದೆಯೆತ್ತರ ಬೆಳೆದಿದೆ. ಅದನ್ನು ತೆರವು ಮಾಡಿಸಿ ಎಂದು ಯಾರೂ ಬರೆದುಕೊಟ್ಟಿಲ್ಲ. ಕಳೆದ ತಿಂಗಳು ಮೇಸ್ತ್ರಿಯನ್ನು ಕರೆಸಿ, ಎಡಗಡೆಯ ಗೋಡೆಯನ್ನು ಮೂರಡಿ ಒಳಗೆ ತೆಗೆದುಕೊಳ್ಳಲು ಎಷ್ಟಾಗುತ್ತದೆ ಎಂದು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಒಡೆಯೋಕೆ ಯಾರಾದ್ರೂ ನೋಟೀಸ್ ಕೊಟ್ಟಿದಾರಾ ಸಾರ್?” ಎಂದ. ಇಲ್ಲ ಎಂದೆ. ನಕ್ಕುಬಿಟ್ಟ. ಆದರೂ ಟೇಪು ಹಿಡಿದು ಅಳೆದುಕೊಂಡು ಹೋಗಿದ್ದಾನೆ. ಹೆಂಡತಿಗೆ ಇನ್ನೂ ಹೇಳಿಲ್ಲ, ಮಗನಿಗೂ ಹೇಳಬೇಕು. ಪಕ್ಕದ ಅಡಿಗೆಮನೆಯಲ್ಲಿ ಈ ಹೊತ್ತಿನಲ್ಲೂ ದೀಪ ಉರಿಯುತ್ತಿದೆ, ಹೊರಗೆ ಹನ್ನೊಂದು ಗಂಟೆಯ ಬಿಸಿಲು.