ತಂತಿಗಾಗಿ ಊರಿಗೆ

ನಮ್ಮೂರು ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿದೆ. ಕಪಿಲೆ ನಮ್ಮ ಗದ್ದೆಗಳ ಆಚೆ ಹರಿದು, ನರಸೀಪುರದಲ್ಲಿ ಕಾವೇರಿ ಸೇರ್ತಾಳೆ. ಬೆಂಗಳೂರಿಗೆ ಬಂದ ಮೇಲೆ ನಾನು ಊರಿಗೆ ಹೋಗ್ತಿದ್ದದ್ದು ವರ್ಷಕ್ಕೆ ಮೂರೇ ಸಲ: ಯುಗಾದಿ, ನಂಜನಗೂಡಿನ ದೊಡ್ಡಜಾತ್ರೆ, ಪಿತೃಪಕ್ಷ. ಈಗ ಎರಡು ವರ್ಷದಿಂದ ತಿಂಗಳಿಗೆ ಎರಡು ಸಲ ಹೋಗ್ತೀನಿ. ಅಮ್ಮ ಹೋದ ಮೇಲೆ ಅಪ್ಪ ಒಬ್ಬನೇ. ಟೀ ಅಂಗಡಿಯಲ್ಲಿ ಕೂತು, "ನಮ್ ಹೈದ ನನ್ ನೋಡಕ್ಕೇಂತ್ಲೇ ಬತ್ತನ ಕನ್ರಯ್ಯ" ಅಂತ ಎಲ್ಲರಿಗೂ ಹೇಳ್ತಾನೆ.

ಅದು ನಿಜ ಅಲ್ಲ. ನಾನು ಹೋಗೋದು ತಂತಿಗಾಗಿ.

ನನ್ನ ಹವ್ಯಾಸ ಹ್ಯಾಮ್ ರೇಡಿಯೊ. ಚಿಕ್ಕವನಿದ್ದಾಗ ಅಪ್ಪನ ರೇಡಿಯೊದಲ್ಲಿ ಮೈಸೂರು ಆಕಾಶವಾಣಿ ಕೇಳುತ್ತಾ ಬೆಳೆದವನು ನಾನು. ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದ್ದರು ಅಂತ ಓದಿದ ದಿನವೇ ಹುಳ ಹೊಕ್ಕಿದ್ದು. ಪುಸ್ತಕ ತಂದು ಓದಿ, ಸರ್ಕಾರದ ಪರೀಕ್ಷೆ ಪಾಸು ಮಾಡಿದೆ. ವಿಯು3 ಅಂತ ಶುರುವಾಗೋ ಕರೆಸಂಕೇತ ಸಿಕ್ಕಿತು.

ಆದರೆ 7 ಮೆಗಾಹರ್ಟ್ಸ್‌ನಲ್ಲಿ ಮಾತಾಡಲು ಸುಮಾರು 20 ಮೀಟರ್ ಉದ್ದದ ತಂತಿ ಬೇಕು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಎಲ್ಲಿ ಕಟ್ಟೋದು? ಸಾಲದ್ದಕ್ಕೆ ಸುತ್ತ ಚಾರ್ಜರ್, ಎಲ್‌ಇಡಿ, ಇನ್ವರ್ಟರ್‌ಗಳ ಗದ್ದಲ. ಊರಲ್ಲಿ ಹಿತ್ತಿಲಿದೆ, ನುಸಿ ಹತ್ತಿ ಕಾಯಿ ಬಿಡದ ಎರಡು ತೆಂಗಿನ ಮರಗಳಿವೆ. ಲೈಸೆನ್ಸಿಗೂ ಊರ ಮನೆಯ ವಿಳಾಸವನ್ನೇ ಕೊಟ್ಟೆ. ರಾತ್ರಿ ಹೊತ್ತು ಅಲ್ಲಿಂದ ಹೊರಟ ಅಲೆ ಅಯಾನುಗೋಳಕ್ಕೆ ಬಡಿದು ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತೆ. ಆ ಸುಖ ಅನುಭವಿಸಿದವರಿಗೇ ಗೊತ್ತು.

ಮನಸ್ಸಿನ ಕಸಿವಿಸಿಯನ್ನು ಆಫೀಸಿನ ಗೆಳೆಯನಿಗೆ ಹೇಳಿಕೊಂಡೆ. "ಏನೀಗ? ಅಪ್ಪನಿಗೆ ಮಗ ಸಿಕ್ಕ, ನಿನಗೆ ಸಿಗ್ನಲ್ ಸಿಕ್ತು. ಉದ್ದೇಶ ಯಾವುದಾದರೇನು, ಫಲ ಒಳ್ಳೇದೇ ತಾನೆ?" ಅಂದ.

ಅವನ ಪರವಾಗಿ ನಾನೇ ಒಂದು ಉದಾಹರಣೆ ಹುಡುಕಿಕೊಂಡೆ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಅಂಡಮಾನಿಗೆ ಹೋಗಿದ್ದದ್ದು ಹವ್ಯಾಸಕ್ಕೆ. ಅಲ್ಲಿಂದ ಹ್ಯಾಮ್ ಸಿಗ್ನಲ್ ಬರೋದು ಅಪರೂಪ, ಹಾಗಾಗಿ ಎಷ್ಟೋ ದೇಶದವರು ಆ ಸಂಪರ್ಕಕ್ಕೆ ಕಾಯುತ್ತಿದ್ದರು. 26ರಂದು ಸುನಾಮಿ ಅಪ್ಪಳಿಸಿತು. ಹವ್ಯಾಸಕ್ಕೆ ಒಯ್ದಿದ್ದ ಅದೇ ಸೆಟ್‌ಗಳಿಂದ ದ್ವೀಪದವರ ಸುದ್ದಿ ಹೊರಗೆ ತಲುಪಿತು. ಅವರು ಸೇವೆ ಮಾಡೋಕೆ ಹೋಗಿರಲಿಲ್ಲ, ಆದರೂ ಸೇವೆ ಆಯ್ತಲ್ಲ? ಹಾಗೇ ನಾನೂ ಅಂತ ಸಮಾಧಾನ ಪಟ್ಟುಕೊಂಡೆ.

ಆಮೇಲೊಂದು ಶನಿವಾರ ರಾತ್ರಿ. ಗದ್ದಲದೊಳಗೆ ಯಾವುದೋ ಕ್ಷೀಣ ದನಿ. ಅರ್ಧ ಗಂಟೆಯಿಂದ ಅವನ ಕರೆಸಂಕೇತ ಹಿಡಿಯಲು ಹೆಣಗುತ್ತಿದ್ದೆ. ಹಿಂದಿನಿಂದ ಅಪ್ಪ, "ಮಗಾ..." ಅಂದ. ತಿರುಗದೆಯೇ ಕೈ ಎತ್ತಿದೆ, ತಾಳು ಅಂತ. ಅಪ್ಪ ಸ್ವಲ್ಪ ಹೊತ್ತು ನಿಂತಿದ್ದು ಹೋದ. ಸಿಗ್ನಲ್ಲೂ ಮುಳುಗಿತು. ಬೆಳಿಗ್ಗೆ ತಿಳೀತು: ಅವನ ಕೈಯಲ್ಲಿದ್ದದ್ದು ರಕ್ತಪರೀಕ್ಷೆಯ ಚೀಟಿ. ಕೊನೆಗೆ ಪಕ್ಕದ ಮನೆ ಹುಡುಗನ ಹತ್ರ ಓದಿಸಿಕೊಂಡಿದ್ದ. ಸಕ್ಕರೆ ಮುನ್ನೂರು ದಾಟಿತ್ತು.

ಅವತ್ತು ನನ್ನ ಉದಾಹರಣೆ ನನಗೇ ತಿರುಗಿ ಹೊಡೆಯಿತು. ಅಂಡಮಾನಿನಲ್ಲಿ ಅವರು ಯಾವ ಉದ್ದೇಶಕ್ಕೆ ಹೋಗಿದ್ದರು ಅನ್ನೋದು ಮುಖ್ಯ ಅಲ್ಲ, ನಿಜ. ಆದರೆ ಕರೆ ಬಂದಾಗ ಅವರು ಹವ್ಯಾಸವನ್ನು ಪಕ್ಕಕ್ಕಿಟ್ಟರು. ಹ್ಯಾಮ್‌ಗಳು ಮೊದಲು ಕಲಿಯೋದೇ ಅದು: ಮಾತಾಡೋ ಮೊದಲು ಕೇಳಿಸಿಕೋ, ತುರ್ತು ಕರೆ ಬಂದರೆ ಮಿಕ್ಕವರೆಲ್ಲ ಸುಮ್ಮನಾಗಬೇಕು. ಉದ್ದೇಶ ಬೆರಕೆಯಾಗಿರಬಹುದು, ಎಲ್ಲರದ್ದೂ ಬೆರಕೆಯೇ. ಆದರೆ ಎರಡರಲ್ಲಿ ಒಂದನ್ನು ಬಿಡಬೇಕಾದ ಗಳಿಗೆ ಬಂದಾಗ ಯಾವುದನ್ನು ಬಿಡ್ತೀವಿ ಅನ್ನೋದರಲ್ಲಿ ನಮ್ಮ ಉದ್ದೇಶ ಬಯಲಾಗುತ್ತೆ. ನಾನು ಅಪ್ಪನನ್ನು ಬಿಟ್ಟಿದ್ದೆ. ಅಪರಿಚಿತನ ದನಿಗೆ ಅರ್ಧ ಗಂಟೆ ಕೊಟ್ಟವನಿಗೆ ಅಪ್ಪನಿಗೆ ಅರ್ಧ ನಿಮಿಷ ಇರಲಿಲ್ಲ. ಅಪರಿಚಿತ ನಮ್ಮಿಂದ ಏನೂ ಕೇಳೋದಿಲ್ಲ, ಅದಕ್ಕೇ ಇರಬೇಕು ಅವನ ಮಾತು ಕೇಳೋದು ಅಷ್ಟು ಸುಲಭ.

ಮೈಸೂರಿಗೆ ಡಾಕ್ಟರ ಹತ್ರ ಕರಕೊಂಡು ಹೋಗುವಾಗ ದಾರಿಯಲ್ಲಿ ಹೇಳಿಬಿಟ್ಟೆ. "ಅಪ್ಪಾ, ನಾನು ನಿನ್ನ ನೋಡಕ್ಕೆ ಬರ್ತಿರಲಿಲ್ಲ. ರೇಡಿಯೊಗೆ ಬರ್ತಿದ್ದೆ."

ಅಪ್ಪ ಕಿಟಕಿಯಾಚೆ ನೋಡುತ್ತಾ, "ಗೊತ್ತು ಕನ ಮಗ. ಅದ್ಕೇ ಆ ತೆಂಗಿನ್ ಮರ ಎಲ್ಡೂವ ಕಡಿಸ್ನಿಲ್ಲ" ಅಂದ.

ಗೊತ್ತಿದ್ದೂ ಟೀ ಅಂಗಡಿಯಲ್ಲಿ ನನ್ನ ಮಾನ ಕಾಯುತ್ತಿದ್ದ. ಅವನು ಕ್ಷಮಿಸಿದ ಅಂತ ನನ್ನ ಲೆಕ್ಕ ಚುಕ್ತಾ ಆಗೋಲ್ಲ. ಈಗಲೂ ತಂತಿ ಅಲ್ಲೇ ಇದೆ, ನಾನೂ ಹೋಗ್ತೀನಿ. ಹೆಡ್‌ಫೋನನ್ನು ಮಾತ್ರ ಒಂದೇ ಕಿವಿಗೆ ಹಾಕ್ಕೋತೀನಿ.